ಅಳತೆಗುಡ್ಡೆ

"ಗೆರೆ ಮೇಲಿಂದ ಏಳೇ, ನಾಯಿಮುಂಡೆ! ನಿಮ್ಮಪ್ಪನ ಮನೆ ಪಡಸಾಲೆ ಅಂದ್ಕೊಂಡ್ಯಾ, ಕಾಲು ಚಾಚ್ಕೊಂಡು ಕೂರೋಕೆ?"

ಧಣಿ ಬೈದು ಮುಗಿಸುವ ತನಕವೂ ತಡೆಯಲಿಲ್ಲ. ಬೂಟುಗಾಲಿನಿಂದ ಮೊಂಡಿಯ ಸೊಂಟಕ್ಕೆ ಒದ್ದ. ಅವಳು ಮಗ್ಗುಲಿಗೆ ಉರುಳಿ, ಅಂಗೈಗೆಲ್ಲ ಸುಣ್ಣ ಮೆತ್ತಿಕೊಂಡು, ಮತ್ತೆ ಅಲ್ಲಿಗೇ ಬಂದು ಕೂತಳು. ಮೊಂಡಿ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಚಿಕ್ಕವಳಿದ್ದಾಗ ಎಷ್ಟು ಬಡಿದರೂ ಹೊಸಿಲು ಬಿಟ್ಟು ಏಳುತ್ತಿರಲಿಲ್ಲವೆಂದು ಹೆತ್ತ ತಾಯಿಯೇ ಇಟ್ಟದ್ದು. ಮದುವೆಯಾಗಿ ಈ ಕೇರಿಗೆ ಬಂದರೆ ಹೆಸರೂ ಬೆನ್ನಿಗೇ ಬಂದಿತ್ತು.

ಅವಳ ಬೆನ್ನ ಹಿಂದೆ ಹುಲ್ಲು ಹಬ್ಬಿದ ಒಂದು ತುಂಡು ನೆಲ, ತಲೆಯ ಕಡೆಗೊಂದು ಕಲ್ಲು. ಕಳೆದ ಬೇಸಿಗೆಯಲ್ಲಿ ಅವಳ ಮಗಳು ಪುಟ್ಟಿಯನ್ನು ಅಲ್ಲಿ ಹೂತಿದ್ದರು. ಕೇರಿಯವರು ಧಣಿಯ ಬಾವಿ ಮುಟ್ಟುವ ಹಾಗಿರಲಿಲ್ಲ. ಮಕ್ಕಳು ಕಲ್ಲುಕ್ವಾರಿಯ ಹೊಂಡದ ಹಸಿರು ನೀರು ಕುಡಿಯುತ್ತಿದ್ದವು. ಪುಟ್ಟಿಗೆ ವಾಂತಿಭೇದಿ ಹತ್ತಿತು. ಆಸ್ಪತ್ರೆಯ ದಾರಿಯಲ್ಲೇ ಅಪ್ಪನ ಹೆಗಲ ಮೇಲೆ ತಣ್ಣಗಾದಳು. ಗುಡ್ಡದ ನೆತ್ತಿಯ ಈ ಜಾಗದಲ್ಲೇ ಕೇರಿಯವರು ಅಜ್ಜಂದಿರ ಕಾಲದಿಂದ ತಮ್ಮ ಸತ್ತವರನ್ನು ಮಲಗಿಸುತ್ತ ಬಂದಿದ್ದರು. ಈಗ ಅದರ ಮೇಲೆ ಬೆಳ್ಳಗೆ ಸುಣ್ಣದ ಗೆರೆ ಬಿದ್ದಿತ್ತು. ಮಳೆನೀರು ತಡೆದು ಇಂಗಿಸುವ ಕಂದಕ ಆ ಗೆರೆ ಹಿಡಿದು ಹೋಗಬೇಕು, ತಲೆಮಟ್ಟ ಆಳಕ್ಕೆ. ಅಗೆಯಬೇಕಾದವರೂ ಕೇರಿಯವರೇ.

"ಒಂದೇ ಒಂದು ಮಾರು ಈಚೆಗೆ ತಿರುಗಿಸಿ ಧಣಿ. ನನ್ನ ಮಗು ಮಲಗಿದೆ."

"ಇಂಜಿನಿಯರ್ ಸಾಹೇಬ್ರು ಮಷಿನ್ ಇಟ್ಟು ಹಾಕಿರೋ ಗೆರೆ ಕಣೇ ಇದು. ನಿನ್ನ ಹೆಣಕ್ಕೋಸ್ಕರ ಬಗ್ಗುತ್ತಾ?"

"ನಿಮ್ಮ ಮಾವಿನ ಗಿಡಕ್ಕೆ ಬಗ್ಗಿದೆಯಲ್ಲ."

ಬಗ್ಗಿತ್ತು. ಗುಡ್ಡವೂ ತನ್ನದೇ ಎಂದು ಹೇಳಿಕೊಳ್ಳಲು ಧಣಿ ನೆಟ್ಟಿದ್ದ ಮಾವಿನ ಸಸಿಗಳ ಹತ್ತಿರ ಗೆರೆ ಮೊಣಕೈ ಮಡಿಸಿದ ಹಾಗೆ ಆಚೆ ಸರಿದು, ಸಸಿ ದಾಟಿದ ಮೇಲೆ ಮತ್ತೆ ಸಾಧುವಾಗಿ ನೇರ ಹೋಗಿತ್ತು. ಪಿಕಾಸಿ ಹಿಡಿದು ನಿಂತವರೆಲ್ಲ ಅದನ್ನು ನೋಡಿದ್ದರು, ಬಾಯಿಗೆ ಬೀಗ ಹಾಕಿಕೊಂಡಿದ್ದರು. ಈಗ ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು.

ಆ ನಗು ಧಣಿಯ ನೆತ್ತಿಗೇರಿತು. ಮೊಂಡಿಯ ತುರುಬು ಹಿಡಿದು ದರದರ ಎಳೆದು ಗೆರೆಯಾಚೆ ಬಿಸಾಡಿದ. ಬಿಡಿಸಲು ಬಂದ ಅವಳ ಗಂಡನ ಮೂತಿಗೆ ಧಣಿಯ ಟ್ರ್ಯಾಕ್ಟರ್ ಡ್ರೈವರ್ ಸಲಿಕೆಯ ಹಿಡಿಯಿಂದ ಬಾರಿಸಿದ. ಮುಂದಿನ ಹಲ್ಲೊಂದು ಉದುರಿತು. ಗಂಡ ಅದನ್ನು ಹುಡುಕುವವನ ಹಾಗೆ ನೆಲ ನೋಡುತ್ತ ನಿಂತ. ಗದ್ದದಿಂದ ರಕ್ತ ಸುಣ್ಣದ ಮೇಲೆ ತೊಟ್ಟಿಕ್ಕುತ್ತಿತ್ತು.

"ನಾಳೆಯಿಂದ ಅಗೀಬೇಕು," ಎಂದ ಧಣಿ, ಅಂಗೈಗೆ ಅಂಟಿದ ಅವಳ ಕೂದಲು ಒರೆಸಿಕೊಳ್ಳುತ್ತ. "ಒಲ್ಲೆ ಅಂದೋನ ಗುಡಿಸಲು ಮೊದಲು ಅಗೀತೀನಿ."

ಈ ಗೆರೆ ಹುಟ್ಟಿದ್ದು ಜಲಾನಯನ ಸಂಘದ ಕೋಣೆಯಲ್ಲಿ. ಕೋಣೆ ಅಂದರೆ ಧಣಿಯ ಗೊಬ್ಬರದ ಗೋದಾಮಿನ ಒಂದು ಭಾಗ. ಯೂರಿಯಾ ಮೂಟೆಗಳ ಪಕ್ಕ ಒಂದಷ್ಟು ಪ್ಲಾಸ್ಟಿಕ್ ಕುರ್ಚಿ, ಗಡಗಡ ಎನ್ನುವ ಒಂದು ಫ್ಯಾನು. ಅಧ್ಯಕ್ಷನೂ ಧಣಿಯೇ. ದುಡ್ಡು ಕೊಡುವ ಸಂಸ್ಥೆಯವರು ಯೋಜನೆ ಮಾಡುವಾಗ ಎಲ್ಲರ ಮಾತೂ ಕೇಳಬೇಕೆಂದು ಕಟ್ಟುನಿಟ್ಟು ಮಾಡಿದ್ದರಿಂದ ಕೇರಿಯವರನ್ನೂ ಕರೆಸಿ, ಚಪ್ಪಲಿ ಬಿಡುವ ಕಡೆ ಕೂರಿಸಿದ್ದರು. ಗೋಡೆಯ ನಕ್ಷೆಯಲ್ಲಿ ಧಣಿಯ ತೋಟಕ್ಕೆ ಹಸಿರು ಬಣ್ಣ, ರಸ್ತೆಗೆ ಕೆಂಪು. ಗುಡ್ಡದ ನೆತ್ತಿಗೆ ಬಣ್ಣವೇ ಇಲ್ಲ. ಖಾಲಿ ಜಾಗವಂತೆ.

ಮೇಸ್ತ್ರಿ ಎದ್ದು ನಿಂತಿದ್ದ. ಮೊಂಡಿಗೆ ಸೋದರಮಾವ, ಕೇರಿಯ ಅಗೆತದ ಗುಂಪು ಕಟ್ಟಿ ನಡೆಸುವವನು. "ಅಲ್ಲಿ ನಮ್ಮೋರನ್ನ ಹೂತಿದೀವಿ ಸ್ವಾಮಿ," ಎಂದ.

ಸಂಸ್ಥೆಯ ಮೇಡಮ್ಮಿಗೆ ಫ್ಯಾನಿನ ಸದ್ದಿಗೆ ಕೇಳಿಸಲಿಲ್ಲ. "ಏನಂದ್ರು?"

"ತುಂಬಾ ಸಂತೋಷ ಅಂತಿದಾನೆ ಮೇಡಂ," ಎಂದ ಧಣಿ. "ಅವರ ಪಾಲನ್ನ ದುಡಿದೇ ಕೊಡ್ತಾರಂತೆ, ಪುಕ್ಕಟೆ."

ಮೇಡಂ ನಕ್ಕು ಚಪ್ಪಾಳೆ ತಟ್ಟಿದಳು. ಸಂಸ್ಥೆ ಹಣ ಕೊಡಬೇಕಾದರೆ ಊರೂ ತನ್ನ ಪಾಲು ಹಾಕಬೇಕಿತ್ತು, ಹೊಲ ಇದ್ದವರು ಹಣ, ಇಲ್ಲದವರು ಮೈ. ಹೊಲ ಇದ್ದವರು ಯಾರೂ ಜೇಬಿಗೆ ಕೈ ಹಾಕಲಿಲ್ಲ. ಅವರ ಪಾಲನ್ನೂ ಕೇರಿಯವರ ಬೆನ್ನಿನ ಮೇಲೆಯೇ ಹೇರಿ, ವಾರಕ್ಕೊಂದು ದಿನ ಕೂಲಿಯಿಲ್ಲದೆ ದುಡಿಸಿಕೊಂಡರು. ಗುಡ್ಡದಲ್ಲಿ ಇಂಗಿದ ನೀರು ಕೆಳಗೆ ಏಳುವುದು ಮಾತ್ರ ಧಣಿಯ ತೋಟದ ಬಾವಿಯಲ್ಲಿ.

ಸಭೆ ಮುಗಿದ ಮೇಲೆ ಧಣಿ ಮೇಸ್ತ್ರಿಯ ಕಿವಿ ತಿರುಚಿ ಹಿಡಿದು, ಎಲ್ಲರ ಮುಂದೆ ನಗುತ್ತಲೇ ಹೇಳಿದ್ದ: "ಇನ್ನೊಂದ್ಸಲ ಬಾಯಿ ಬಿಟ್ರೆ ಆ ಖಾಲಿ ಜಾಗದಲ್ಲೇ ನಿನ್ನೂ ಮಲಗಿಸ್ತೀನಿ, ಬೋಳಿಮಗನೆ."

ಗುಡ್ಡದ ಮೇಲೆ ಒದೆ ತಿಂದ ಮರುದಿನ ಅಗೆತ ಶುರುವಾಯಿತು. ಮೇಸ್ತ್ರಿ ಗೆರೆಯನ್ನು ತುಂಡು ತುಂಡು ಮಾಡಿ ಗಂಡ ಹೆಂಡಿರಿಗೆ ಹಂಚಿದ. ಗಂಡಸರು ಅಗೆದರು, ಹೆಂಗಸರು ಬಾಂಡ್ಲಿ ತುಂಬಿ ಮಣ್ಣನ್ನು ಕಂದಕದ ಅಂಚಿಗೆ ಸುರಿದರು. ಮೊದಲು ಮೂಳೆ ಎದ್ದದ್ದು ದೊಡ್ಡಮ್ಮನ ತುಂಡಿನಲ್ಲಿ. ಅವಳು ಮೊಂಡಿಗೆ ತಾಯಿಯ ಅಕ್ಕ. ಒಂಟಿಯಾಗಿ ಅಗೆಯುತ್ತಿದ್ದಳು; ಅವಳ ಗಂಡನನ್ನು ಹೂತ ಜಾಗ ಅದು. ಬುರುಡೆ ಪಿಕಾಸಿಯ ಮೂತಿಗೆ ಸಿಕ್ಕು ಒಡೆದು ಬಂತು. ದೊಡ್ಡಮ್ಮ ಸೆರಗಿನಲ್ಲಿ ಎತ್ತಿಕೊಳ್ಳುವ ಮೊದಲೇ ಡ್ರೈವರ್ ಅದನ್ನು ಕಾಲಲ್ಲಿ ಉರುಳಿಸಿ, ಸಲಿಕೆಯಿಂದ ಟ್ರ್ಯಾಕ್ಟರಿಗೆ ಎಸೆದ. "ನಿನ್ನ ಯಜಮಾನ ಇನ್ಮೇಲೆ ಗಾಡೀಲಿ ಓಡಾಡ್ತಾನೆ ಕಣಜ್ಜಿ, ಖುಷಿಪಡು," ಎಂದು ಹಲ್ಲು ಕಿಸಿದ. ದೊಡ್ಡಮ್ಮ ಅಳಲಿಲ್ಲ. ಬಾಂಡ್ಲಿ ಎತ್ತಿಕೊಂಡು ಮತ್ತೆ ಮಣ್ಣು ಹೊತ್ತಳು.

ಪುಟ್ಟಿ ಮಲಗಿದ್ದ ತುಂಡನ್ನು ಮೊಂಡಿ ಕೇಳಿ ಪಡೆದುಕೊಂಡಳು.

"ನೀನೇ ಅಗೀತೀಯಾ?" ಎಂದ ಮೇಸ್ತ್ರಿ.

"ಇನ್ನೊಬ್ಬರ ಪಿಕಾಸಿ ಬೀಳೋದು ಬೇಡ ಮಾವ."

ಮೂಳೆ ಆಯ್ದು ಬೇರೆ ಕಡೆ ಹೂಳುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಎರಡೂ ಕಡೆಯಿಂದ ಅಗೆಯುತ್ತ ಬಂದು ಆ ಹುಲ್ಲಿನ ಹತ್ತಿರ ಬಂದಾಗ ಗಂಡನ ಕೈ ಮೇಲೇಳಲಿಲ್ಲ. ಅವಳ ಕೈಯೂ ಏಳಲಿಲ್ಲ. ಆಗ ಪಕ್ಕದ ತುಂಡಿನಲ್ಲಿ ಬಿಟ್ಟಿದ್ದ ಅಳತೆಗುಡ್ಡೆ ಅವಳ ಕಣ್ಣಿಗೆ ಬಿತ್ತು.

ಮಣ್ಣು ಅಗೆಯುವವರು ಪ್ರತಿ ತುಂಡಿನಲ್ಲೂ ಒಂದು ಕಡೆ ನೆಲವನ್ನು ಅಗೆಯದೆ, ಕಂಬದ ಹಾಗೆ ನಿಲ್ಲಿಸಿ ಬಿಡುತ್ತಾರೆ. ನೆತ್ತಿಯ ಹುಲ್ಲನ್ನೂ ಕೀಳುವುದಿಲ್ಲ. ಸುತ್ತ ಎಷ್ಟು ಆಳ ಹೋಗಿದೆಯೆಂದು ಅಳತೆ ಸಾಹೇಬ ಟೇಪು ಹಿಡಿಯುವುದು ಅದಕ್ಕೇ. ಅಳತೆಗೆ ಮುಂಚೆ ಯಾರಾದರೂ ಅದನ್ನು ಮುಟ್ಟಿ ಕೆಡಿಸಿದರೆ ಆ ತುಂಡಿನ ಲೆಕ್ಕವೇ ವಜಾ. ಕೂಲಿಯೂ ಇಲ್ಲ, ಸಂಘಕ್ಕೆ ಹಣವೂ ಇಲ್ಲ. ಅಳತೆ ಮುಗಿದ ಮೇಲೆ ಹಾರೆ ಹಾಕಿ ಕೆಡವುತ್ತಾರೆ.

"ಇದನ್ನೇ ಗುಡ್ಡೆ ಬಿಡೋಣ," ಎಂದಳು ಮೊಂಡಿ.

ಗಂಡ ಅವಳ ಮುಖ ನೋಡಿದ. ಆಮೇಲೆ ಪಿಕಾಸಿ ಪಕ್ಕಕ್ಕಿಟ್ಟು, ಸಣ್ಣ ಗುದ್ದಲಿ ತೆಗೆದುಕೊಂಡು, ಮಗುವಿನ ಸುತ್ತ ಹದವಾಗಿ ಕೆತ್ತುತ್ತ ಹೋದ. ಬೇರೆಯವರ ಗುಡ್ಡೆಗಳು ಬೋರಲು ಹಾಕಿದ ಬಿಂದಿಗೆಯಷ್ಟು ದಪ್ಪವಿದ್ದವು. ಇದು ಒಂದು ಹುಡುಗಿ ಕಾಲು ನೀಡಿ ಮಲಗುವಷ್ಟು ಉದ್ದವಿತ್ತು.

ಮೇಸ್ತ್ರಿ ಬಂದು ನೋಡಿದ. "ಗುಡ್ಡೆ ಸ್ವಲ್ಪ ದಪ್ಪ ಆಯ್ತಲ್ಲೇ."

"ಮಣ್ಣು ಸಡಿಲ ಮಾವ. ಸಣ್ಣದು ಬಿಟ್ರೆ ಕುಸಿಯುತ್ತೆ."

"ಹೌದೌದು, ಸಡಿಲವೇ," ಎಂದು ಬಂಡೆಯಂಥ ಆ ನೆಲವನ್ನು ಮೆಟ್ಟಿಕೊಂಡೇ ಮುಂದೆ ಹೋದ.

ಧಣಿಗೆ ಗೊತ್ತಾಗದೆ ಇರುತ್ತದೆಯೇ? ಸಂಜೆಯೊಳಗೆ ಬಂದ. ಗುಡ್ಡೆಯ ಉದ್ದ ನೋಡಿ ಹಾರೆ ಎತ್ತಿಯೇಬಿಟ್ಟ. ಮೇಸ್ತ್ರಿ ಅಡ್ಡ ಬಂದು ಕೈಮುಗಿದ. "ಮುಟ್ಟಬೇಡಿ ಧಣಿ. ಅಳತೆ ಕೆಡುತ್ತೆ. ಸಂಸ್ಥೆಯೋರು ಬಂದಾಗ ತಕರಾರು ಆದ್ರೆ ಮುಂದಿನ ಕಂತೇ ನಿಂತೋಗುತ್ತೆ."

ಹಾರೆ ಗಾಳಿಯಲ್ಲೇ ನಿಂತು, ಕೆಳಗಿಳಿಯಿತು. ಕಂತು ಧಣಿಯ ಪ್ರಾಣ. ಅವನು ಗುಡ್ಡೆಯ ನೆತ್ತಿಗೆ ಕ್ಯಾಕರಿಸಿ ಉಗಿದ.

"ಅಳತೆ ಆಗ್ಲಿ ಕಣೇ ಲೌಡಿ. ನಿನ್ನ ಗಂಡನ ಕೈಯಲ್ಲೇ ಕೆಡವಿಸ್ತೀನಿ. ನೀನೇ ಬಾಂಡ್ಲೀಲಿ ಹೊತ್ತು ಹಾಕ್ಬೇಕು."

ಅವನು ಹೋದ ಮೇಲೆ ಮೊಂಡಿ ಉಗುಳನ್ನು ಸೆರಗಿನಿಂದ ಒರೆಸಿದಳು. ಆದರೂ ಒಂದು ಆಸೆ ಇಟ್ಟುಕೊಂಡಳು. ಬರುವವರು ಓದಿದವರು, ಅದರಲ್ಲೂ ಒಬ್ಬಳು ಹೆಂಗಸು. ಬಾಯಿಬಿಟ್ಟು ಕೇಳಿದರೆ ಇರಲಿ ಬಿಡಿ ಅನ್ನದೆ ಇರುತ್ತಾಳೆಯೇ?

ಅಳತೆಯ ದಿನ ಎರಡು ಕಾರು ಬಂದವು. ಮಾವಿನ ಸಸಿಗಳ ಹತ್ತಿರ ಶಾಮಿಯಾನ, ಕುರ್ಚಿ, ಕಾಗದದ ಲೋಟದಲ್ಲಿ ಚಹಾ. ಕೇರಿಯವರಿಗೆ ಬಿಳಿ ಟೋಪಿ ಹಂಚಿ, ಸಾಲಾಗಿ ನಿಲ್ಲಿಸಿ, ಫೋಟೋ ಹೊಡೆದರು. ಗಂಡನಿಗೆ ಬಾಯಿ ಮುಚ್ಚಿಕೊಂಡು ನಗು ಎಂದರು, ಹಲ್ಲಿಲ್ಲದ್ದು ಕಾಣುತ್ತದೆಂದು. ಅಳತೆ ಸಾಹೇಬ ಒಂದೊಂದೇ ಗುಡ್ಡೆಗೆ ಟೇಪು ಹಿಡಿಯುತ್ತ ಬಂದು, ಪುಟ್ಟಿಯ ತಲೆಯ ಕಡೆಯಿಂದ ಟೇಪು ಇಳಿಬಿಟ್ಟು, ಆಳ ಸರಿಯಾಗಿದೆ ಎಂದ.

"ಇದ್ಯಾಕೆ ಇಷ್ಟು ದೊಡ್ಡದಿದೆ?" ಎಂದಳು ಮೇಡಂ.

"ಸೋಮಾರಿಗಳು ಮೇಡಂ, ಅಗೆಯೋಕೆ ಮೈಗಳ್ಳತನ," ಎಂದ ಧಣಿ.

ಮೊಂಡಿ ಮುಂದೆ ಬಂದಳು. "ಅದರೊಳಗೆ ನನ್ನ ಮಗಳಿದಾಳೆ ಅಮ್ಮ. ಒಂದು ಗುಡ್ಡೆ ಹೀಗೇ ಇರ್ಲಿ ಅಂತ ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮೇಡಂ ಸಾಹೇಬನ ಮುಖ ನೋಡಿದಳು. ಸಾಹೇಬ ಟೇಪು ಸುತ್ತುತ್ತಲೇ, "ನೀರಿಗೆ ಅಡ್ಡ ಆಗುತ್ತೆ ಮೇಡಂ. ತೆಗೆದ್ರೇನೇ ಕೆಲಸ ಮುಗೀತು ಅಂತ ಸಹಿ ಹಾಕೋಕಾಗೋದು," ಎಂದ.

"ಹಾಗಾದ್ರೆ... ಅವರ ಮನಸ್ಸಿಗೆ ನೋವಾಗದ ಹಾಗೆ ಮಾಡಿ," ಎಂದಳು ಮೇಡಂ. ಬಿಸಿಲು ಜೋರಾಗಿತ್ತು. ಶಾಮಿಯಾನದ ಕಡೆ ನಡೆದಳು.

ಧಣಿ ಹಾರೆಯನ್ನು ಗಂಡನ ಕೈಗೆ ಕೊಟ್ಟ. "ಇಳಿಯೋ."

ಗಂಡ ಇಳಿದ. ಹಾರೆಯನ್ನು ಕಂದಕದ ಗೋಡೆಗೆ ಒರಗಿಸಿಟ್ಟು ಮೇಲೆ ಹತ್ತಿ ಬಂದ.

"ಯಾಕೋ, ಸೂಳೆಮಗನೆ?"

ಧಣಿ ಸಾಹೇಬನ ಕಂಕುಳಲ್ಲಿದ್ದ ಅಳತೆಕೋಲು ಕಿತ್ತುಕೊಂಡು ಬಾರಿಸತೊಡಗಿದ. ಹೆಗಲಿಗೆ, ಕಿವಿಗೆ, ಮುಚ್ಚಿಕೊಂಡ ಕೈಗಳಿಗೆ. ಬೆರಳು ಮುರಿದ ಸದ್ದು ಹೆಂಗಸರಿಗೂ ಕೇಳಿಸಿತು. ಕೋಲು ಮುರಿದ ಮೇಲೆ ಧಣಿ ಏದುಸಿರು ಬಿಡುತ್ತ ಸುತ್ತ ನೋಡಿದ. "ಇನ್ಯಾರು ಇಳೀತೀರೋ? ಲೇ ಮೇಸ್ತ್ರಿ?" ಮೇಸ್ತ್ರಿ ಟೋಪಿ ತೆಗೆದು ಕೆಳಗೆ ಹಾಕಿದ. ಯಾರೂ ಅಲುಗಲಿಲ್ಲ. ಶಾಮಿಯಾನದಿಂದ ಜನ ಕತ್ತು ಚಾಚಿ ನೋಡುತ್ತಿದ್ದರು. ಧಣಿಗೆ ಮುಖ ಉಳಿಸಿಕೊಳ್ಳಲೇಬೇಕಿತ್ತು. ಪಿಕಾಸಿ ಎಳೆದುಕೊಂಡು ತಾನೇ ಕಂದಕಕ್ಕೆ ಧುಮುಕಿದ.

ಮೊದಲ ಏಟಿಗೆ ನೆತ್ತಿಯಿಂದ ಹುಲ್ಲಿನ ಹೆಂಟೆ ಕಳಚಿ ಬಿತ್ತು. ಎರಡನೆಯದಕ್ಕೆ ಮಗ್ಗುಲು ಜರಿಯಿತು. ಮಣ್ಣಿನೊಳಗಿಂದ ಹಳದಿ ಲಂಗದ ಚುಂಗು ಈಚೆ ಬಂತು. ಆಸ್ಪತ್ರೆಗೆ ಹೊರಟಾಗ ಮೊಂಡಿ ಒಗೆದದ್ದನ್ನೇ ಹುಡುಕಿ ತೊಡಿಸಿದ್ದ ಲಂಗ ಅದು. ಅದರ ಕೆಳಗೆ ಸಣ್ಣ ಸಣ್ಣ ಮೂಳೆ, ಒಂದು ಪಾದದ್ದು.

ಧಣಿಯೂ ಒಂದು ಗಳಿಗೆ ತಡೆದ. ಆಮೇಲೆ "ಥೂ, ದರಿದ್ರ," ಎಂದು ಪಿಕಾಸಿ ಮತ್ತೆ ಎತ್ತಿದ.

ಮೊಂಡಿ ಅಂಚಿನ ಮಣ್ಣುರಾಶಿಗೆ ಬಾಂಡ್ಲಿ ಹೊಡೆದು ತುಂಬಿ, ಅವನ ತಲೆಯ ಮೇಲೆ ಕವುಚಿದಳು.

ಕಣ್ಣು ಬಾಯಿಗೆಲ್ಲ ಮಣ್ಣು ಹೊಕ್ಕು ಧಣಿ ಕೆಮ್ಮಿದ. "ಏಯ್, ಹಾದರಗಿತ್ತಿ, ನಿನ್ನನ್ನ..." ಎಂದು ಮುಖ ಎತ್ತುವಷ್ಟರಲ್ಲಿ ಎರಡನೆಯ ಬಾಂಡ್ಲಿ ಬಿತ್ತು. ಅದು ದೊಡ್ಡಮ್ಮನದು. ಆಮೇಲೆ ಯಾರದು ಯಾವುದು ಎಂದು ತಿಳಿಯಲಿಲ್ಲ. ಗಂಡ ಮುರಿದ ಬೆರಳುಗಳಲ್ಲೇ ಸಲಿಕೆ ಹಿಡಿದು ರಾಶಿಗೆ ಎದೆ ಕೊಟ್ಟು ನೂಕಿದ. ಇಡೀ ರಾಶಿಯೇ ಜಾರಿ ಧಣಿಯ ತೊಡೆಯ ತನಕ ಬಂತು. ಡ್ರೈವರ್ ಓಡಿ ಬಂದ. ಮೇಸ್ತ್ರಿ ಕಂದಕದ ಹಾರೆ ಮೇಲೆಳೆದು ಅವನ ಮೊಣಕಾಲಿಗೆ ಬೀಸಿದ. ಅವನು ಕಿರುಚುತ್ತ ಕೂತ, ಮತ್ತೆ ಏಳಲಿಲ್ಲ. ಶಾಮಿಯಾನದಲ್ಲಿ ಕುರ್ಚಿಗಳು ಉರುಳಿದವು. ಸಾಹೇಬ ಕಾರಿನ ಕಡೆ ಓಡಿದ. ಒಂದು ಕಾರು ಗುಡ್ಡ ಇಳಿಯಿತು, ಇನ್ನೊಂದು ಅದರ ಹಿಂದೆಯೇ.

ಧಣಿ ಅಂಚು ಹಿಡಿದು ಹತ್ತಲು ನೋಡಿದ. ಮೊಂಡಿ ಅವನ ಬೆರಳುಗಳ ಮೇಲೆ ಹಿಮ್ಮಡಿ ಇಟ್ಟು, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು.

ಮಣ್ಣು ಸೊಂಟಕ್ಕೆ ಬಂತು, ಎದೆಗೆ ಬಂತು. ಬೈಗುಳ ನಿಂತು ಬೇಡಿಕೆ ಶುರುವಾಯಿತು. "ಅಮ್ಮಾ, ತಾಯೀ, ಉಸಿರು ಕಟ್ಟುತ್ತೆ... ಏನು ಬೇಕೋ ಕೇಳ್ರೇ..."

ಮೊಂಡಿ ಗುಡ್ಡೆಯ ಆಚೆ ಬದಿಯಿಂದ ಕಂದಕಕ್ಕೆ ಇಳಿದಳು. ಸಣ್ಣ ಮೂಳೆಗಳನ್ನು ಲಂಗದೊಳಕ್ಕೆ ಸೇರಿಸಿ, ಚುಂಗನ್ನು ಮಡಿಸಿ, ಜರಿದ ಮಗ್ಗುಲಿನೊಳಗೆ ಇಟ್ಟಳು. ಮಣ್ಣು ತುಂಬಿ ಅಂಗೈಯಿಂದ ಗಟ್ಟಿಯಾಗಿ ಒತ್ತಿದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲಿಲ್ಲ. ಕೈಯಳತೆಯಲ್ಲೇ ಧಣಿಯ ತಲೆ, ಕತ್ತಿನ ತನಕ ಮಣ್ಣು, ಬಾಯಿ ತೆರೆದು ಮುಚ್ಚುತ್ತಿತ್ತು. ಗುಡ್ಡದ ಕೆಳಗೆಲ್ಲೋ ಪೊಲೀಸ್ ಜೀಪಿನ ಸೈರನ್ ಕೇಳಿಸಿತು.

ಮೇಲೆ ಎಲ್ಲರ ಕೈಯೂ ನಿಂತಿತು. ಮೇಸ್ತ್ರಿ ಬಗ್ಗಿ ಮೆಲ್ಲಗೆ ಕೇಳಿದ:

"ಸಾಕಾ ಮಗಳೇ?"

ಮೊಂಡಿ ಕೆಳಗೆ ಬಿದ್ದಿದ್ದ ಹುಲ್ಲಿನ ಹೆಂಟೆಯನ್ನು ಎತ್ತಿ ಮಗಳ ನೆತ್ತಿಯ ಮೇಲೆ ಕೂರಿಸಿ, ಬೇರು ಹಿಡಿಯುವ ಹಾಗೆ ಒತ್ತಿದಳು. ಆಮೇಲೆ ಧಣಿಯ ಕಡೆ ತಿರುಗಿ, ಮಣ್ಣು ತುಂಬಿದ ಬಾಂಡ್ಲಿಗಾಗಿ ಮೇಲಕ್ಕೆ ಕೈ ಚಾಚಿದಳು.