ಕಡಿದ ಒಡ್ಡು

ಮೂರನೆಯ ಕಡೆಯೂ ಒಡ್ಡು ಕಡಿದು, ಜಂಬಣ್ಣ ಸಲಿಕೆ ಊರಿ ಉಸಿರು ಬಿಟ್ಟ. ಮಳೆ ಆಗಷ್ಟೇ ನಿಂತಿತ್ತು. ಗದ್ದೆಯ ನೀರು ರಾಡಿಯಾಗಿ ಮೂರೂ ಬಾಯಿಂದ ಹಳ್ಳಕ್ಕೆ ಧುಮುಕುತ್ತಿತ್ತು. ದನದ ಕೊಟ್ಟಿಗೆಯ ಬಾಗಿಲಲ್ಲಿ ತುಂಬಿದ ಹೊಟ್ಟೆ ಹಿಡಿದು ನಿಂತಿದ್ದ ಹೆಂಡತಿಗೆ ಅಲ್ಲಿಂದಲೇ ಕೂಗಿ ಹೇಳಿದ.

"ಯಮನಮ್ಮಾ, ಬೆಳಿ ಉಳೀತು ನೋಡಬೇ! ಇನ್ನೊಂದು ತಾಸು ತಡಾ ಆಗಿದ್ರ ಎಲ್ಲಾ ಕೊಳೀತಿತ್ತು."

"ಸಾವ್ಕಾರ ಮದುವಿ ಮುಗಿಸಿ ಬಂದು ಏನಂತಾನೋ ಏನೋ."

"ಏನಂತಾನ? ಶಹಬ್ಬಾಸ್ ಅಂತಾನ."

ಅವನು ಮುದಗಲ್ ಕಡೆಯ ಮಳೆನೆಲದವನು. ಆ ಎರೆಹೊಲದಲ್ಲಿ ನೀರು ನಿಂತರೆ ಜೋಳ ಹಳದಿ ತಿರುಗಿ ಸಾಯುತ್ತದೆ. ದೊಡ್ಡ ಮಳೆ ಬಂತೆಂದರೆ ಉಣ್ಣುವ ಗಂಗಾಳ ಬಿಟ್ಟೆದ್ದು ಸಲಿಕೆ ಹಿಡಿದು ಓಡುವ ಅಪ್ಪನನ್ನು ನೋಡುತ್ತ ಬೆಳೆದವನು. ಭತ್ತಕ್ಕೆ ನೀರು ಬೇಕೆಂದು ಅವನಿಗೂ ಗೊತ್ತಿತ್ತು. ಆದರೆ ಒಡ್ಡಿನ ಅಂಚು ಮುಟ್ಟುವಷ್ಟು ನೀರು ಕಂಡಾಗ ಅವನ ಕೈ ಸುಮ್ಮನಿರಲಿಲ್ಲ. ಬಡಪಾಯಿ, ಒಳ್ಳೆಯದನ್ನೇ ಮಾಡಲು ಹೋದ. ಅದೇ ಅವನ ಗ್ರಹಚಾರ.

ಎಂಬತ್ತೇಳರ ಬೇಸಿಗೆ ಅದು. ಗಂಡಹೆಂಡತಿ ಕೂಲಿ ಹುಡುಕಿ ಗುಳೆ ಹೊರಟು, ಮಸ್ಕಿ, ಸಿಂಧನೂರು ದಾಟಿ ಆರ್.ಎಚ್. ಕ್ಯಾಂಪಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಪೂರ್ವ ಬಂಗಾಳದಿಂದ ಓಡಿಬಂದವರಿಗೆ ಸರ್ಕಾರ ನೆಲ ಕೊಟ್ಟು ಕೂರಿಸಿದ ಊರು. ಮಾತು ಬೇರೆ, ದೇವರು ಬೇರೆ, ರೊಟ್ಟಿಯ ಸುಳಿವಿಲ್ಲ, ಮೂರು ಹೊತ್ತೂ ಅನ್ನ, ಮೀನು. ಎರಡು ಬಸ್ಸು ಬದಲಿಸಿದ್ದಕ್ಕೇ ಪರದೇಶಕ್ಕೆ ಬಂದ ಹಾಗಾಗಿತ್ತು ಇಬ್ಬರಿಗೂ. ನಿತಾಯಿ ಬಿಸ್ವಾಸ್ ಎಂಬ ರೈತ ಕಳೆ ಕೀಳಲು ಇಟ್ಟುಕೊಂಡು, ತನ್ನ ಕೊಟ್ಟಿಗೆಯ ಅರ್ಧ ಬಿಟ್ಟುಕೊಟ್ಟಿದ್ದ.

ಹೆರಿಗೆಯವರೆಗೂ ಇರಿ ಅಂದವಳು ಮಾತ್ರ ಅವನ ತಾಯಿ. ಮನೆಯವರೆಲ್ಲ ಠಾಕುಮಾ, ಅಂದರೆ ಅಜ್ಜಿ, ಎಂದು ಕರೆಯುವ ಆ ಮುದುಕಿ ಮೊದಲ ದಿನವೇ ಯಮನಮ್ಮನ ಹೊಟ್ಟೆ ಮುಟ್ಟಿ ನೋಡಿ, ಇಲ್ಲಿ ಬಂದು ಕಲಿತ ಕನ್ನಡದಲ್ಲಿ, "ಹೆರಿಗೆ ಇಲ್ಲೇ ಆಗ್ಲಿ. ನಾನೇ ಮಾಡಿಸ್ತೀನಿ" ಅಂದಿದ್ದಳು. ಯಮನಮ್ಮ ಅವತ್ತು ಬಿಕ್ಕಿ ಬಿಕ್ಕಿ ಅತ್ತಳು. ಹಿಂದಿನ ಕೂಸು ಹೀಗೇ ಗುಳೆ ಹೋದಾಗ, ಮಸ್ಕಿಯ ದಾರಿಯಲ್ಲಿ ಒಂದು ಜಾಲಿಗಿಡದ ಬುಡಕ್ಕೆ ಹುಟ್ಟಿ, ಹೆಸರಿಡುವ ಮುಂಚೆಯೇ ಹೋಗಿತ್ತು. ತವರಿನಲ್ಲಿ ತಾಯಿಯಿಲ್ಲ, ಗಂಡನ ಮನೆ ಪಾಲಾಗಿ ಹೋಗಿದೆ. ಈ ಕೂಸಿಗಾದರೂ ಮೇಲೊಂದು ಸೂರು ಸಿಕ್ಕಿತಲ್ಲ ಎಂದು ಅವಳು ದಿನಾ ಆ ಕೊಟ್ಟಿಗೆಯ ನೆಲ ಸಾರಿಸುತ್ತಿದ್ದಳು.

ಒಡ್ಡು ಕಡಿದ ದಿನ ಸಂಜೆ, ಪಕ್ಕದ ಕ್ಯಾಂಪಿನ ಮದುವೆ ಮುಗಿಸಿಕೊಂಡು ಮನೆಯವರು ಬಂದರು. ನಿತಾಯಿ ಮದುವೆಯ ಬಟ್ಟೆಯಲ್ಲೇ ಗದ್ದೆಗಿಳಿದ.

"ಯಾರು ಕಡಿದಿದ್ದು?"

"ನಾನಾರೀ. ನೀರು ಭಾಳ ನಿಂತಿತ್ತರೀ, ಅದಕ್ಕ..."

"ನಿನ್ನೆನೇ ಕಾಲುವೆ ಬಂದ್ ಆಯ್ತು ಜಂಬಣ್ಣಾ. ನಾನು ತುಂಬಿಸಿದ್ದೇ ಕೊನೇ ನೀರು. ಅದರ ಮ್ಯಾಲೆ ದೇವರು ಮಳೆ ಕೊಟ್ಟಿದ್ದ. ತೆನೆ ಕಾಳು ಕಟ್ಟೋ ಹೊತ್ತು..." ನಿತಾಯಿ ಮೊಣಕಾಲೂರಿ ಬರಿಗೈಯಲ್ಲೇ ಮಣ್ಣು ಬಾಚಿ ಒಡ್ಡಿನ ಬಾಯಿ ಮುಚ್ಚತೊಡಗಿದ. ಎರಡೇಟು ಹೊಡೆದಿದ್ದರೆ ಜಂಬಣ್ಣನಿಗೆ ಹಗುರಾಗುತ್ತಿತ್ತು. ಒಡ್ಡಿನೊಳಗೆ ಬರೀ ಕೆಸರು ಉಳಿದಿತ್ತು.

ಬೆಳಗಾಗುತ್ತಲೇ ಮನೆಮಂದಿಯೆಲ್ಲ ಹಿತ್ತಲ ಹೊಂಡಕ್ಕಿಳಿದರು. ಮೀನು ಸಾಕಿದ ಹೊಂಡ ಅದು. ಎಣ್ಣೆಯ ಡಬ್ಬಿಗೆ ಎರಡೂ ಕಡೆ ಹಗ್ಗ ಕಟ್ಟಿ, ಒಂದನ್ನು ನಿತಾಯಿ, ಇನ್ನೊಂದನ್ನು ಜಂಬಣ್ಣ ಹಿಡಿದು ಗದ್ದೆಗೆ ನೀರು ತೂರಿದರು. ಜಂಬಣ್ಣನ ಅಂಗೈ ಸುಲಿದು ಹಗ್ಗಕ್ಕೆ ರಕ್ತ ಹತ್ತಿತು. ಯಮನಮ್ಮ ಕೊಡ ಎತ್ತಿಕೊಂಡು ಬಂದರೆ ಠಾಕುಮಾ ಗದರಿಸಿ ಕಿತ್ತುಕೊಂಡಳು. ಹೀಗೆ ದಿನಗಟ್ಟಲೆ ತೂರಿ ಹೊಂಡದ ತಳ ಕಂಡಾಗ ಒಂದು ಮೂಲೆಯ ಪೈರು ಮಾತ್ರ ಹಸಿರಿತ್ತು. ಉಳಿದ ಕಡೆ ನೆಲ ಬಿರಿದಿತ್ತು. ಕೆಸರಿನಲ್ಲಿ ಬಾಯಿ ಬಿಡುತ್ತಿದ್ದ ಮೀನುಗಳನ್ನು ಮನೆಯ ಮಕ್ಕಳು ಬುಟ್ಟಿಗೆ ಹೆಕ್ಕಿದರು. ಮುಂದಿನ ವರ್ಷಕ್ಕೆಂದು ಬಿಟ್ಟ ಮರಿಮೀನೂ ಆ ಬುಟ್ಟಿಯೊಳಗೇ ಹೋಯಿತು.

ಹೊಂಡ ಬರಿದಾದ ಮರುದಿನ ಠಾಕುಮಾ ಕೊಟ್ಟಿಗೆಗೆ ಬಂದಳು. ಅವಳ ಮುಖ ನೋಡಿಯೇ ಯಮನಮ್ಮ ಕಾಲು ಹಿಡಿದುಕೊಂಡಳು.

"ಹಡಿಯೋತನಕ ಇರಾಕ ಬಿಡಬೇ ಯವ್ವಾ. ಉಣ್ಣಾಕ ಕೊಡಬ್ಯಾಡ. ಜಾಗಾ ಅಷ್ಟ ಕೊಡು."

"ನೀನು ಹಸಕೊಂಡು ಇಲ್ಲಿ ಮಲಗಿದ್ರೆ, ಒಳಗೆ ನಾವು ಹ್ಯಾಂಗೆ ಉಣ್ಣೋದು?" ಮುದುಕಿ ಅಲ್ಲೇ ಕುಸಿದು ಕೂತಳು. "ಮಕ್ಕಳಿಗೇ ಸಾಲಲ್ಲ ಈ ಸಲ. ನನ್ನನ್ನ ಮೂರು ಊರಿಂದ ಎಬ್ಬಿಸಿದ್ದಾರೆ ಮಗಳೇ. ಹೋಗು ಅಂದ್ರೆ ಏನಂತ ನಂಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಹೇಳ್ತೀನಿ. ಹೋಗು."

ನಿತಾಯಿ ಹೊರಗೆ ಬರಲಿಲ್ಲ. ಗಂಟು ಕಟ್ಟಿಕೊಂಡು ಇಬ್ಬರೂ ಬತ್ತಿದ ಕಾಲುವೆಯ ದಂಡೆ ಹಿಡಿದರು. ಯಮನಮ್ಮ ಮುಂದೆ, ಜಂಬಣ್ಣ ಹಿಂದೆ.

"ಗಂಟು ನನಗ ಕೊಡಬೇ."

ಅವಳು ಕೊಡಲಿಲ್ಲ, ತಿರುಗಿಯೂ ನೋಡಲಿಲ್ಲ. ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿ ನಡೆದಳು.

ಸೂರ್ಯ ನೆತ್ತಿಗೇರುವ ಹೊತ್ತಿಗೆ ಇನ್ನೊಂದು ಕ್ಯಾಂಪು ಸಿಕ್ಕಿತು. ಅಂಚಿನ ಮನೆಯ ಹೆಣ್ಣುಮಗಳು ಬಾಗಿಲಿಗೆ ಬಂದು, ಮೊದಲು ಯಮನಮ್ಮನ ಹೊಟ್ಟೆ ನೋಡಿದಳು. ಆಮೇಲೆ, ಇಲ್ಲ ಇಲ್ಲ ಎಂದು ಕೈಯಾಡಿಸಿದಳು.

"ನಡಿಬೇ, ಮುಂದ ನೋಡೋಣು," ಅಂದ ಜಂಬಣ್ಣ.

ಯಮನಮ್ಮ ಗಂಟು ಇಳಿಸಿ, ಆ ಮನೆಯ ಕೊಟ್ಟಿಗೆಯತ್ತ ನಡೆದಳು. ಎಮ್ಮೆಯ ಮುಂದಿನ ಹುಲ್ಲಿನಲ್ಲಿ ಒಂದು ಹಿಡಿ ಎಳೆದುಕೊಂಡು, ಹಡೆಯಲು ಜಾಗ ಮಾಡಿಕೊಳ್ಳುವ ಹಾಗೆ ನೆಲಕ್ಕೆ ಹಾಸಿದಳು. ಹೆಣ್ಣುಮಗಳು ತನ್ನ ಭಾಷೆಯಲ್ಲಿ ಜೋರಾಗಿ ಏನೋ ಅಂದಳು. ಯಮನಮ್ಮ ಇನ್ನೊಂದು ಹಿಡಿ ಎಳೆದುಕೊಂಡಳು.