ಹಾರದ ತೂಕವನ್ನೂ ಸೇರಿಸಿ

ಲೆಪೆಕ ಅಜ್ಜಿಯ ಗಂಡ ಗೋಡೆಯಿಂದ ಬಿದ್ದದ್ದು ಇದು ಎರಡನೇ ಸಲ. ಬದುಕಿದ್ದಾಗ ತೆಂಗಿನ ಮರದಿಂದಲೂ ಬಿದ್ದವನಲ್ಲ. ತೀರಿಕೊಂಡು ದಪ್ಪ ಚೌಕಟ್ಟಿನ ಫೋಟೋ ಆದಮೇಲೆ ಬೀಳುವುದೇ ಕೆಲಸವಾಗಿದೆ. ಈ ಸಲ ಬಿದ್ದದ್ದು ಮೊಮ್ಮಗು ಮಲಗುವ ಚಾಪೆಯ ಮೇಲೆ. ಪುಣ್ಯಕ್ಕೆ ಸೊಸೆ ಆಗ ತಾನೇ ಮಗುವನ್ನು ಎತ್ತಿಕೊಂಡಿದ್ದಳು.

"ಅಮ್ಮಾ, ಇನ್ನು ಅಪ್ಪನ್ನ ಕಪಾಟಲ್ಲೇ ಇಡೋಣ," ಎಂದ ಮಗ ಸೆಫೊ.

"ಮನೆ ಯಜಮಾನ ಬಟ್ಟೆ ಜೊತೆ ಇರ್ಬೇಕಾ? ನಮ್ಮ ಸಮೋವಾ ದ್ವೀಪದಲ್ಲಿ ನಿಮ್ಮ ತಾತನ ಫೋಟೋ ಒಂದೇ ಮೊಳೇಲಿ ಇಪ್ಪತ್ತು ವರ್ಷ ನಿಂತಿತ್ತು. ಈ ಆಕ್ಲೆಂಡಿನ ಗೋಡೆಗೆ ಮರ್ಯಾದೆ ಇಲ್ಲ!" ಅಜ್ಜಿಯ ಕಣ್ಣು ತುಂಬಿತು.

ಸದ್ದು ಕೇಳಿ ಪಕ್ಕದ ಮನೆಯ ಮಸಿನಾ ಬಂದಳು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಗೋಡೆಯನ್ನು ಬೆರಳಿನಿಂದ ಬಡಿದಳು.

"ಅಜ್ಜಿ, ಅಲ್ಲಿ ಮರದ ಗೋಡೆ. ಇದು ಜಿಪ್ಸಮ್ ಹಲಗೆ, ಹಿಂದೆ ಟೊಳ್ಳು. ಮೊಳೆಗೆ ಹಿಡಿತ ಎಲ್ಲಿಂದ ಬರ್ಬೇಕು? ಕೇಳಿ, ಇಲ್ಲಿ ಡಬ್ ಡಬ್. ಇಲ್ಲಿ ನೋಡಿ, ಟಕ್ ಟಕ್. ಟಕ್ ಅಂದ ಕಡೆ ಒಳಗೆ ಮರದ ಕಂಬ ಇದೆ. ಭಾರದ್ದಕ್ಕೆ ಅಲ್ಲೇ ಸ್ಕ್ರೂ ಹಾಕ್ಬೇಕು."

"ಅದು ಬಾಗಿಲ ಮೂಲೆ ಕಣೇ! ಅವರು ನಡುಮಧ್ಯದಲ್ಲೇ ಇರ್ಬೇಕು."

"ಹಾಗಾದ್ರೆ ರೆಕ್ಕೆ ಇರೋ ಬೋಲ್ಟ್ ಬೇಕು. ತೂತಿನೊಳಗೆ ಹೋಗಿ, ಹಿಂದೆ ರೆಕ್ಕೆ ಬಿಚ್ಚಿ, ಹಲಗೇನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಎಷ್ಟು ತೂಕ ತಡೆಯುತ್ತೆ ಅಂತ ಪೊಟ್ಟಣದ ಮೇಲೇ ಬರೆದಿರುತ್ತೆ. ಫೋಟೋ ಎಷ್ಟಿದೆ?"

"ಆರು ಕಿಲೋ," ಎಂದ ಸೆಫೊ. "ಮೊದಲನೇ ಸಲ ಮೊಳೆ ಹೊಡೆದಿದ್ದೆ. ಈ ಸಲ ತೂತಿಗೆ ಎಂಟು ಕಿಲೋ ತಡೆಯೋ ಪ್ಲಾಸ್ಟಿಕ್ ಪ್ಲಗ್ಗೇ ಹಾಕಿ ಸ್ಕ್ರೂ ಬಿಗಿದಿದ್ದೆ. ಆದ್ರೂ ಬಿತ್ತಲ್ಲ!"

"ಮತ್ತೆ ಇವೆಲ್ಲ ಏನು?"

ನೆಲದ ತುಂಬ ಕಪ್ಪೆಚಿಪ್ಪಿನ ಹಾರಗಳು. ಮದುವೆಗೊಂದು, ಮಕ್ಕಳ ಪದವಿಗೊಂದು, ಚರ್ಚಿನ ಹಬ್ಬಕ್ಕೊಂದು. ಮನೆಗೆ ಬಂದ ಹಾರವನ್ನೆಲ್ಲ ಅಜ್ಜಿ ಗಂಡನ ಕೊರಳಿಗೇ ಹಾಕುತ್ತಾ ಬಂದಿದ್ದಳು. ತೆಗೆದದ್ದು ಒಂದೂ ಇಲ್ಲ.

"ಹಾರಾನ ಯಾರಾದ್ರೂ ತೂಗ್ತಾರೇನೇ?"

"ಗೋಡೆ ತೂಗುತ್ತೆ ಅಜ್ಜಿ."

ಹಾರಗಳ ಸಮೇತ ಫೋಟೋವನ್ನು ಅಪ್ಪಿಕೊಂಡು ಅಜ್ಜಿ ತೂಕದ ಯಂತ್ರ ಹತ್ತಿದಳು. "ನನ್ನ ತೂಕದ ಸುದ್ದಿ ಹೊರಗೆ ಹೋದ್ರೆ ನಿನ್ನ ಸುಮ್ನೆ ಬಿಡಲ್ಲ ಕಣೇ!" ಅಜ್ಜಿಯನ್ನು ಕಳೆದರೆ ಉಳಿದದ್ದು ಹನ್ನೊಂದು ಕಿಲೋ.

ಸೆಫೊ ಪೆಚ್ಚಾಗಿ ನಕ್ಕ. ಇಪ್ಪತ್ತು ಕಿಲೋ ತಡೆಯುವ ಎರಡು ರೆಕ್ಕೆ ಬೋಲ್ಟ್ ತಂದ. ಸ್ವಿಚ್ಚಿನ ನೇರಕ್ಕೆ ಗೋಡೆಯೊಳಗೆ ಕರೆಂಟ್ ತಂತಿ ಇರಬಹುದೆಂದು ಮಸಿನಾ ಪಕ್ಕಕ್ಕೆ ಗುರುತು ಹಾಕಿಕೊಟ್ಟಳು. ಹಳೆಯ ತೂತು ಬಿಟ್ಟು ಹೊಸದಾಗಿ ಕೊರೆದರು. ಬೋಲ್ಟ್ ಜಗ್ಗಿ ನೋಡಿದರೆ ಕದಲಲಿಲ್ಲ. ಹಾರಗಳ ಸಮೇತ ಫೋಟೋ ತೂಗುಹಾಕಿದರು.

ಅಜ್ಜಿ ಗಂಡನನ್ನು ಕಣ್ತುಂಬ ನೋಡಿದಳು. ಆಮೇಲೆ ಮಗುವಿನ ಚಾಪೆಯನ್ನು ತಾನೇ ಎದುರು ಗೋಡೆಯ ಹತ್ತಿರ ಹಾಸಿದಳು. "ನೀವಿನ್ನು ಬೀಳಲ್ಲ, ಗೊತ್ತು. ಆದ್ರೂ ಮಗು ಈ ಕಡೆ ಮಲಗ್ಲಿ. ನಿಮ್ಮ ಮುಖಾನೂ ಇಲ್ಲಿಂದ್ಲೇ ಚೆನ್ನಾಗಿ ಕಾಣುತ್ತೆ."

ನೀವೂ ಇವತ್ತೇ ನಿಮ್ಮ ಮನೆಯ ಗೋಡೆಯನ್ನು ಬಡಿದು ಕೇಳಿ. ತೂಗುಹಾಕುವುದನ್ನೆಲ್ಲ ಮೊದಲು ತೂಗಿ, ಅದಕ್ಕೆ ತಕ್ಕ ಬೋಲ್ಟ್ ತನ್ನಿ. ಹಿರಿಯರ ಫೋಟೋ ಗೋಡೆಯ ಮೇಲಿರುವುದು ನಾವು ತಲೆ ಎತ್ತಿ ನೋಡುವುದಕ್ಕೆ, ತಲೆ ಉಳಿಸಿಕೊಂಡು ಓಡುವುದಕ್ಕಲ್ಲ.