ಎಲ್ಲರ ಅಜ್ಜನ ಬಂಗಲೆ

ನಮ್ಮ ಮನೆಯ ತಗಡಿನ ಮಾಡಿನಲ್ಲಿ ಹಳೆಯ ಮೊಳೆಗಳು ಬಿಟ್ಟುಹೋದ ತೂತುಗಳಿದ್ದವು. ಬಿಸಿಲೇರಿದರೆ ಅವುಗಳಿಂದ ಬೆಳಕಿನ ಬೊಟ್ಟುಗಳು ನೆಲಕ್ಕೆ ಬಿದ್ದು ಮೆಲ್ಲಗೆ ಸರಿಯುತ್ತಿದ್ದವು. ಅಮ್ಮನಿಗೆ ಅದೇ ಗಡಿಯಾರ. ದೊಡ್ಡ ಬೊಟ್ಟು ಒರಳಿನ ಅಂಚು ಮುಟ್ಟಿತೆಂದರೆ, "ಏಳೇ, ಹೊತ್ತಾಯ್ತು" ಎಂದು ನನ್ನನ್ನು ಶಾಲೆಗೆ ಅಟ್ಟುತ್ತಿದ್ದಳು. ಅಕ್ಕಿ ಗಿರಣಿಯ ಹಿಂಗೋಡೆಗೆ ಆತುಕೊಂಡಿದ್ದ ಒಂದೇ ಕೋಣೆ ಅದು. ಅಲ್ಲಿಯೇ ಓದಿ ನಾನು ನರ್ಸ್ ಆದೆ.

ದೂರದ ಊರಿನ ದೊಡ್ಡ ಆಸ್ಪತ್ರೆಯೊಂದು ನನಗೆ ಕೆಲಸ ಕೊಡಲು ಒಪ್ಪಿತು. ಆದರೆ ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಪೇಟೆಯಲ್ಲಿ ಅದಕ್ಕೆ ಪಾಠ ಹೇಳುತ್ತಿದ್ದವರು ಚಂದ್ರಹಾಸ ಮೇಷ್ಟ್ರು ಒಬ್ಬರೇ. ಇಸ್ತ್ರಿ ಮುರಿಯದ ಅಂಗಿ, ಮೂಗಿನ ತುದಿಯಲ್ಲಿ ಸಿಟ್ಟು. ಮೊದಲ ದಿನ ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮಗೆ ಗೊತ್ತಿರುವ ಒಂದು ಕಟ್ಟಡದ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿ ಎಂದರು. ನಾನು ನಮ್ಮ ಕೋಣೆಯ ಬಗ್ಗೆ ಹೇಳಿದೆ. ಗಿರಣಿ, ತೌಡಿನ ಧೂಳು, ಬೆಳಕಿನ ಬೊಟ್ಟು, ಹೊತ್ತು ನೋಡುವ ಅಮ್ಮ. ನಡುನಡುವೆ ತಡವರಿಸಿದರೂ ಮುಗಿಸಿದಾಗ ಹೆಮ್ಮೆಯೆನಿಸಿತ್ತು.

"ಮುಗೀತಾ?" ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲೇ. "ಅದು ಕಟ್ಟಡ ಅಲ್ಲಮ್ಮ, ಕೋಳಿಗೂಡು. ಪರೀಕ್ಷೇಲಿ ಇದನ್ನ ಹೇಳಿದ್ರೆ ಅವರು ನಿಂಗೆ ಕಾಳು ಹಾಕ್ತಾರೆ, ಮಾರ್ಕ್ಸ್ ಹಾಕಲ್ಲ."

ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಬಾಗಿಲ ಕಡೆ ನೋಡಿದೆ. ಬುತ್ತಿ ತಂದಿದ್ದ ಅಮ್ಮ ಹೊಸ್ತಿಲಾಚೆ ನಿಂತಿದ್ದಳು. ಬುತ್ತಿಯನ್ನು ಕಿಟಕಿಯಲ್ಲಿಟ್ಟು ಹೊರಟುಹೋದಳು.

ಸಂಜೆ ಮನೆಗೆ ಬಂದರೆ ಅಮ್ಮ ಮಣೆಯ ಮೇಲೆ ಮಣೆ ಪೇರಿಸಿ ಹತ್ತಿ, ಮಾಡಿನ ತೂತುಗಳಿಗೆಲ್ಲ ಒಳಗಿನಿಂದ ಟಾರು ಮೆತ್ತುತ್ತಿದ್ದಳು. "ಯಾಕಮ್ಮಾ?" ಎಂದೆ. "ಯಾರಾದ್ರೂ ಬಂದ್ರೆ ನೋಡೋಕೆ ಚೆನ್ನಾಗಿರಲ್ಲ ಕಣೇ" ಎಂದಳು. ನಮ್ಮ ಮನೆಗೆ ಯಾರೂ ಬರುತ್ತಿರಲಿಲ್ಲ. ಮರುದಿನದಿಂದ ಅಮ್ಮ ಹೊತ್ತು ಕೇಳಲು ಗಿರಣಿಯ ಬಾಗಿಲಿಗೆ ಹೋಗತೊಡಗಿದಳು. ಆ ಮನುಷ್ಯನನ್ನು ಬಿಡಬಾರದು ಎಂದು ನನ್ನೊಳಗೆ ಗಂಟು ಬಿದ್ದದ್ದು ಆಗಲೇ.

ಮೇಷ್ಟ್ರು ನಮಗೆಲ್ಲ ಬಾಯಿಪಾಠ ಮಾಡಿಸಿದ್ದು 'ನನ್ನ ಅಜ್ಜನ ಬಂಗಲೆ'. ಕಮಾನಿನ ಬಾಗಿಲು, ಬಿಳಿ ಕಂಬ, ಬಣ್ಣದ ಗಾಜಿನ ಕಿಟಕಿ, ಮುಂದೆ ಗುಲಾಬಿ ತೋಟ. ಕ್ಷೌರದಂಗಡಿಯ ಹುಡುಗನಿಗೂ ಅದೇ ಬಂಗಲೆ, ದರ್ಜಿಯ ಮಗಳಿಗೂ ಅದೇ ಅಜ್ಜ. ಪರೀಕ್ಷೆಯ ದಿನ ನಾನು ಅರ್ಧ ಒಪ್ಪಿಸುವಷ್ಟರಲ್ಲಿ ಪರೀಕ್ಷಕಿ ಪೆನ್ನು ಕೆಳಗಿಟ್ಟರು.

"ಈ ಅಜ್ಜನಿಗೆ ಮೊಮ್ಮಕ್ಕಳು ಎಷ್ಟಮ್ಮಾ? ಬೆಳಿಗ್ಗೆಯಿಂದ ಬಂದವರೆಲ್ಲ ಅವರ ಮೊಮ್ಮಕ್ಕಳೇ."

ಫೇಲಾದೆ. ಆಸ್ಪತ್ರೆಯ ಕೆಲಸ ಕೈತಪ್ಪಿತು. ಆಮೇಲೆ ನಾನು ಇಂಗ್ಲಿಷ್ ಕಲಿತದ್ದು ಆಸೆಯಿಂದಲ್ಲ, ಹಟದಿಂದ. ಕಲಿತೆ, ಕಲಿಸಿದೆ, ಕೊನೆಗೆ ಅದೇ ಪರೀಕ್ಷೆಗೆ ಪರೀಕ್ಷಕಿಯಾದೆ. ಅದನ್ನು ನೋಡಲು ಅಮ್ಮ ಉಳಿಯಲಿಲ್ಲ.

ಒಂದು ದಿನ ನನ್ನ ಮುಂದಿನ ಕುರ್ಚಿಗೆ ಚಂದ್ರಹಾಸ ಮೇಷ್ಟ್ರು ಬಂದು ಕೂತರು. ಪಾಠ ಹೇಳುವವರೂ ಪಾಸಾಗಬೇಕು, ಇಲ್ಲದಿದ್ದರೆ ತರಗತಿಯ ಬೋರ್ಡು ಇಳಿಸಿ ಬಾಗಿಲು ಹಾಕಬೇಕು ಎಂದು ಹೊಸ ಕಾನೂನು ಬಂದಿತ್ತು. ಅಂಗಿಯ ಕಾಲರು ಸವೆದಿತ್ತು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಪರಿಚಯದವರು ಬಂದರೆ ಪರೀಕ್ಷಕರು ಎದ್ದುಹೋಗಿ ಬೇರೆಯವರನ್ನು ಕೂರಿಸಬೇಕೆಂಬುದು ನಿಯಮ. ನಾನು ಏಳಲಿಲ್ಲ.

ಕಟ್ಟಡದ ಪ್ರಶ್ನೆಯನ್ನೇ ಕೇಳಿದೆ. ಅಜ್ಜನ ಬಂಗಲೆ ಶುರುವಾಯಿತು. ಗುಲಾಬಿ ತೋಟ ಬರುವ ಮುಂಚೆಯೇ ತಡೆದು, "ಅದು ಬೇಡ. ನಿಜವಾದ ಒಂದು ಮನೆಯ ಬಗ್ಗೆ ಹೇಳಿ" ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಅವರ ಹಣೆ ಬೆವರಿತು. ಇಷ್ಟು ವರ್ಷ ಕಾದದ್ದು ಆ ಬೆವರಿಗಾಗಿಯೇ ಅನ್ನಿಸಿ ಹಾಯೆನಿಸಿತು.

ಹಣೆ ಒರೆಸಿಕೊಂಡು ಅವರು ಬಾಯಿ ತೆರೆದರು. "ಅಕ್ಕಿ ಗಿರಣಿಯ ಹಿಂದೆ ನಮ್ಮದೊಂದು ಕೋಣೆಯಿತ್ತು," ಎಂದರು. "ಮಾಡಿನಲ್ಲಿ ತೂತುಗಳಿದ್ದವು. ನನ್ನ ತಾಯಿ ಬೆಳಕಿನ ಬೊಟ್ಟು ನೋಡಿ ಹೊತ್ತು ಹೇಳುತ್ತಿದ್ದರು."

ನನ್ನ ಮೈ ಉರಿಯಿತು. ಅಂದು ತರಗತಿಯಲ್ಲಿ ನಾನು ಹೇಳಿದ್ದ ಅವೇ ಮಾತುಗಳು. ನಾನು ತಡವರಿಸಿದ್ದ ಕಡೆಯಲ್ಲೇ ಅವರೂ ತಡವರಿಸಿದರು. ಅಷ್ಟು ವರ್ಷ ಪಾಠ ಹೇಳಿದ ಮನುಷ್ಯನಿಗೆ ನೆನಪಿನಲ್ಲಿ ಉಳಿದಿದ್ದ ನಿಜವಾದ ಮನೆ ನಮ್ಮದೊಂದೇ. ಕೋಳಿಗೂಡು ಎಂದು ನಗಿಸಿದ್ದ ಮನೆಯನ್ನು, ಒಳಗಿದ್ದ ಅಮ್ಮನ ಸಮೇತ ತನ್ನದು ಮಾಡಿಕೊಂಡುಬಿಟ್ಟಿದ್ದರು.

"ಆ ತೂತುಗಳು ಆಮೇಲೆ ಏನಾದವು?" ಎಂದು ಕೇಳಿದೆ.

"ಈಗಲೂ ಇವೆ. ಈಗಲೂ ಬೆಳಕು ಬೀಳುತ್ತದೆ."

"ಇಲ್ಲ ಮೇಷ್ಟ್ರೇ." ಇದನ್ನು ಕನ್ನಡದಲ್ಲಿ ಹೇಳಿದೆ. "ನೀವು ಕೋಳಿಗೂಡು ಅಂದ ಸಂಜೆನೇ ನಮ್ಮಮ್ಮ ಅವಕ್ಕೆಲ್ಲ ಟಾರು ಮೆತ್ತಿಬಿಟ್ಳು."

ಅವರು ನನ್ನ ಮುಖವನ್ನೇ ನೋಡಿದರು. ಗುರುತು ಹತ್ತಿತು. ಮೇಜಿನ ಮೇಲೆ ಎರಡೂ ಕೈ ಜೋಡಿಸಿದರು. "ನನ್ನ ಹೊಟ್ಟೆ ಮೇಲೆ ಹೊಡೀಬೇಡ ತಾಯಿ. ಬೋರ್ಡು ಹೋದ್ರೆ ನಂಗೆ ಇನ್ನೇನೂ ಇಲ್ಲ."

"ಬೇಕಾದ್ರೆ ಕಾಳು ಹಾಕ್ತೀನಿ ಮೇಷ್ಟ್ರೇ. ಮಾರ್ಕ್ಸ್ ಹಾಕಲ್ಲ."

ಬಾಯಿಪಾಠದ ಉತ್ತರಕ್ಕೆ ಎಷ್ಟು ಕೊಡಬೇಕೋ ಅಷ್ಟೇ ಕೊಟ್ಟೆ. ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಅವರ ಬೋರ್ಡು ಇಳಿಯಿತೆಂದು ಕೇಳಿದ ದಿನ ನಾನು ಊರಿಗೆ ಹೋದೆ.

ಕೋಣೆ ಬೀಗ ಹಾಕಿಕೊಂಡು ಹಾಗೇ ಇತ್ತು. ಮಣೆಯ ಮೇಲೆ ಮಣೆ ಪೇರಿಸಿ ಹತ್ತಿ, ಬೀಗದ ಕೈಯಿಂದ ಟಾರು ಕೆರೆದೆ. ಗಟ್ಟಿಯಾಗಿದ್ದ ಟಾರು ಚೂರುಚೂರಾಗಿ ಮುಖದ ಮೇಲೆ ಉದುರಿತು. ದೊಡ್ಡ ತೂತು ತೆರೆದುಕೊಂಡಿತು. ನೆಲದಲ್ಲಿ ಹುಗಿದಿದ್ದ ಒರಳಿನಿಂದ ಒಂದು ಗೇಣು ಈಚೆ ಬೆಳಕಿನ ಬೊಟ್ಟು ಬಿತ್ತು.

ನಾನು ಅದರ ಪಕ್ಕದಲ್ಲಿ ಕೂತೆ. ಬೊಟ್ಟು ಮೆಲ್ಲಗೆ ಸರಿದು ಒರಳಿನ ಅಂಚು ಮುಟ್ಟಿತು, ದಾಟಿಯೂ ಹೋಯಿತು. ಏಳೇ ಅನ್ನುವವರು ಯಾರೂ ಇರಲಿಲ್ಲ.